ಬಾಲವಿಲ್ಲದ ಮಾತು

ನಮ್ಮ ಸೋದರತ್ತೆಯ ಮುಖ ನೋಡದವರಿಗೂ ಅವಳ ದನಿ ಗೊತ್ತಿತ್ತು. ಕಾರ್ಖಾನೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಕೆಲಸಕ್ಕೆ ಸೇರಿದಾಗಿನಿಂದ ನಿವೃತ್ತಿಯಾಗುವವರೆಗೆ "ಎಕ್ಸ್‌ಚೇಂಜ್, ಹೇಳಿ" ಅಂದವಳು ಅವಳು. ಆ "ಹೇಳಿ"ಯಲ್ಲಿ ಎಂಥ ಸಮಾಧಾನ ಇರುತ್ತಿತ್ತೆಂದರೆ, ಜಗಳ ಆಡಲೆಂದೇ ಫೋನು ಎತ್ತಿದವನೂ ಒಂದು ಗಳಿಗೆ ತಾನು ಏಕೆ ಎತ್ತಿದೆನೆಂದು ಮರೆತುಬಿಡುತ್ತಿದ್ದ ಎಂದು ಅಪ್ಪ ನಗುತ್ತಿದ್ದರು. ಅಂಗಡಿಯಲ್ಲಿ ಅತ್ತೆ ಸೋಪು ಕೇಳಿದರೆ ಸಾಕು, ಪಕ್ಕದಲ್ಲಿ ನಿಂತ ಯಾರೋ ತಿರುಗಿ ನೋಡಿ ಎಕ್ಸ್‌ಚೇಂಜ್ ಅಕ್ಕ ನೀವೇ ಅಲ್ಲವೇ ಎಂದು ವಿಚಾರಿಸುತ್ತಿದ್ದರು. ಅತ್ತೆ ಮೇಲೆ ಗಂಭೀರವಾಗಿದ್ದರೂ ಒಳಗೊಳಗೇ ಹಿಗ್ಗುತ್ತಿದ್ದಳು. ಹಿಗ್ಗಿದ ದಿನ ನಾನು ಕೇಳದೆಯೇ ನನಗೆ ಪೆಪ್ಪರಮಿಂಟು ಸಿಗುತ್ತಿತ್ತು.

ಎಕ್ಸ್‌ಚೇಂಜ್ ಎಂದರೆ ಆಗ ಒಂದು ಉದ್ದನೆಯ ಕೋಣೆ. ಒಂದು ಗೋಡೆಗೆ ಆತುಕೊಂಡು ಮರದ ಬೋರ್ಡು, ಅದರ ತುಂಬ ತೂತುಗಳು, ತೂತಿಗೊಂದು ಪುಟ್ಟ ದೀಪ. ದೀಪ ಹೊತ್ತಿಕೊಂಡರೆ ಅತ್ತೆ ವೈರಿನ ಒಂದು ತುದಿಯನ್ನು ಅಲ್ಲಿ ಸಿಕ್ಕಿಸಿ, ಯಾರು ಬೇಕೆಂದು ಕೇಳಿಕೊಂಡು, ಇನ್ನೊಂದು ತುದಿಯನ್ನು ಅವರ ತೂತಿಗೆ ಸಿಕ್ಕಿಸುತ್ತಿದ್ದಳು. ಅಲ್ಲಿ ಅವಳು ಪ್ರಾಣ ಹೋದರೂ ಬಿಡದ ನಿಯಮ ಒಂದಿತ್ತು. ಮಾತಾಡುವವರು ಫೋನಿಡುವ ತನಕ ಆಪರೇಟರು ವೈರು ಕೀಳಬಾರದು. ಒಮ್ಮೆ ಸ್ಟೋರಿನವನೊಬ್ಬ "ಒಂದ್ನಿಮಿಷ" ಎಂದು ರಿಸೀವರನ್ನು ಮೇಜಿನ ಮೇಲೆ ಮಲಗಿಸಿ ಟೀ ಕುಡಿಯಲು ಹೋದನಂತೆ. ಅತ್ತೆ ಆ ವೈರನ್ನು ಮುಟ್ಟದೆ, ಉಳಿದ ವೈರುಗಳಲ್ಲೇ ಹೇಗೋ ಸಂಭಾಳಿಸಿಕೊಂಡು, ಅವನು ಬಂದು ಫೋನಿಡುವವರೆಗೂ ಕಾದಳು. ಆಮೇಲೆ ಅವನಿಗೆ ಆದ ಮಂಗಳಾರತಿಯ ಸುದ್ದಿ ಕಾರ್ಖಾನೆಯಲ್ಲಿ ಬಹಳ ದಿನ ಓಡಾಡಿತು.

ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೆದಕಿದರೆ "ಲೈನ್ ಬಿಜಿ ಇತ್ತು" ಅನ್ನುತ್ತಿದ್ದಳು. ನಿವೃತ್ತಿಯಾದ ಮೇಲೆ ನಮ್ಮ ಮನೆಯಿಂದ ಎರಡು ಬೀದಿ ಆಚೆ, ಒಬ್ಬ ಟೈಲರನ ಅಂಗಡಿಗೆ ಅಂಟಿಕೊಂಡಂತಿದ್ದ ಎರಡು ಕೋಣೆಯ ಮನೆ ಕೊಂಡಳು. ಇಷ್ಟು ದಿನ ಇದ್ದ ಹಾಗೆ ನಮ್ಮ ಜೊತೆಗೇ ಇರು ಎಂದು ಅಪ್ಪ ಎಷ್ಟು ಹೇಳಿದರೂ ಕೇಳಲಿಲ್ಲ. ಆ ಮನೆಯ ಕಿಟಕಿಗೆ ತಾನೇ ಹಸಿರು ಬಣ್ಣ ಬಳಿದು, ಅರ್ಧ ಬಣ್ಣವನ್ನು ಸೀರೆಗೂ ಬಳಿದುಕೊಂಡು, "ಇದು ನನ್ ಮನೆ, ಹೇಗಾದ್ರೂ ಬಳೀತೀನಿ" ಎಂದು ನಮ್ಮೆಲ್ಲರ ಬಾಯಿ ಮುಚ್ಚಿಸಿದ್ದಳು.

ಅಂಥ ಅತ್ತೆಗೆ ಮಾತೇ ಹೋಯಿತು. ಒಂದು ಬೆಳಿಗ್ಗೆ ಕಿಟಕಿ ತೆರೆಯದೇ ಇದ್ದದ್ದನ್ನು ನೋಡಿ ಟೈಲರ್ ಬಾಗಿಲು ತಟ್ಟಿ, ಕೊನೆಗೆ ನಮ್ಮನ್ನು ಕರೆಸಿದ. ಲಕ್ವ ಹೊಡೆದಿತ್ತು. ಆಸ್ಪತ್ರೆಯಿಂದ ನಮ್ಮ ಮನೆಗೆ ಕರೆತಂದಾಗ ಬಲಗೈ ಜೋತುಬಿದ್ದಿತ್ತು, ಬಾಯಿಯ ಬಲ ಮೂಲೆ ಇಳಿದಿತ್ತು. ದಿನ ಕಳೆದಂತೆ ಕಾಲಿಗೆ ಶಕ್ತಿ ಬಂತು. ಕೋಲು ಹಿಡಿದು ನಡೆಯತೊಡಗಿದಳು, ಎಡಗೈಯಲ್ಲಿ ಉಂಡಳು, ತನ್ನ ತಲೆ ತಾನೇ ಬಾಚಿಕೊಂಡಳು. ನಾವು ಅಂದದ್ದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು. ಅವಳ ಬಾಯಿಂದ ಮಾತ್ರ ಒಂದು ಅಕ್ಷರ ಹೊರಡುತ್ತಿರಲಿಲ್ಲ.

ಕೋಲು ಹಿಡಿದು ಅವಳು ಮೊದಲು ನಡೆದದ್ದೇ ನಮ್ಮ ಮನೆಯ ಬಾಗಿಲಿಗೆ. ಅಲ್ಲಿ ನಿಂತು ತನ್ನ ಬೀದಿಯ ಕಡೆ ಕೈ ತೋರಿಸಿದಳು. ಮಾರನೆಯ ದಿನವೂ ಅಷ್ಟೇ, ಅದರ ಮಾರನೆಯ ದಿನವೂ ಅಷ್ಟೇ. ಅವಳ ಮನೆಯ ಕೀಲಿ ಅಪ್ಪನ ಅಂಗಿಯ ಜೇಬಿನಲ್ಲಿತ್ತು. ಅಪ್ಪ ಒಳ್ಳೆಯವರೇ, ಆದರೆ ಹೆದರಿಕೆಯ ಮನುಷ್ಯ. ಹೆದರಿದಾಗಲೆಲ್ಲ ಹಟಮಾರಿಯಾಗುತ್ತಿದ್ದರು.

"ಅಲ್ಲಿ ಜಾರಿ ಬಿದ್ರೆ ಯಾರನ್ನ ಕೂಗ್ತೀಯಮ್ಮ? ಹೇಗೆ ಕೂಗ್ತೀಯ?" ಎಂದರು ಅತ್ತೆಗೆ. "ಒಂದು ಸಲ ಫೋನಲ್ಲಿ ನನ್ನ ಹತ್ರ ಮಾತಾಡು. ಅವತ್ತೇ ಕೀಲಿ ನಿನ್ ಕೈಲಿಡ್ತೀನಿ."

ಫೋನಿನಲ್ಲೇ ಬದುಕು ಕಳೆದವಳಿಗೆ ಈ ಷರತ್ತು. ನನಗೆ ಹೊಟ್ಟೆ ಉರಿದುಹೋಯಿತು. ಆದರೆ ಅಪ್ಪ ಹೇಳಿದ್ದರಲ್ಲಿ ತಪ್ಪೂ ಕಾಣಲಿಲ್ಲ. ಅಷ್ಟರಲ್ಲಿ ಯಾರೋ ಹೊಸದಾಗಿ ವರ್ಗವಾಗಿ ಬಂದ ನರ್ಸಮ್ಮ ಮನೆ ಹುಡುಕುತ್ತಿದ್ದಾರೆಂದು ತಿಳಿದು, ಸುಮ್ಮನೆ ಬೀಗ ಹಾಕಿಟ್ಟರೆ ಮನೆ ಗೆದ್ದಲು ಹಿಡಿಯುತ್ತದೆ, ಮುಂದಿನ ತಿಂಗಳಿಂದ ಅವರಿರಲಿ ಎಂದು ಅಪ್ಪ ಮಾತು ಕೊಟ್ಟು ಬಂದರು. ಅದನ್ನು ಅತ್ತೆಯ ಎದುರೇ ಅಮ್ಮನಿಗೆ ಹೇಳಿದರು. ಅವಳಿಗೆ ಮಾತು ಹೋದ ಮೇಲೆ ಮನೆಯಲ್ಲಿ ಎಲ್ಲರೂ ಅವಳ ಎದುರೇ ಅವಳ ವಿಷಯ ಮಾತಾಡುವುದು ರೂಢಿಯಾಗಿಬಿಟ್ಟಿತ್ತು. ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು.

ಮಾತು ಕಲಿಸುವ ಡಾಕ್ಟರಮ್ಮ ವಾರಕ್ಕೊಮ್ಮೆ ಬರುತ್ತಿದ್ದರು. ಚಿಕ್ಕ ವಯಸ್ಸು, ಬಹಳ ತಾಳ್ಮೆ. ಕನ್ನಡಿಯೊಂದನ್ನು ಎದುರಿಗೆ ಹಿಡಿದು, "ಅಮ್ಮಾ ಅನ್ನಿ, ನೀರು ಅನ್ನಿ" ಎಂದು ಮಗುವಿಗೆ ಹೇಳುವಂತೆ ಹೇಳುತ್ತಿದ್ದರು. ಅತ್ತೆ ತುಟಿ ಬಿಗಿದು ಕೂರುತ್ತಿದ್ದಳು. ಒಮ್ಮೆ ಮಾತ್ರ ಪ್ರಯತ್ನಿಸಿದಳು. ಗಂಟಲಿನಿಂದ ಗೊರಗೊರ ಸದ್ದೊಂದು ಬಂತು. ಅದನ್ನು ತಾನೇ ಕೇಳಿಸಿಕೊಂಡ ಅತ್ತೆಯ ಕಣ್ಣು ನಾನು ನೋಡಿದೆ. ಆಮೇಲೆ ಡಾಕ್ಟರಮ್ಮ ಬಂದರೆ ಅವಳು ಕಣ್ಣುಮುಚ್ಚಿ ನಿದ್ದೆಯ ನಾಟಕ ಆಡುತ್ತಿದ್ದಳು. ಡಾಕ್ಟರಮ್ಮ ಹೊರಗೆ ಬಂದು, ಅವರು ಪ್ರಯತ್ನ ಮಾಡದೆ ಏನೂ ಆಗುವುದಿಲ್ಲ, ತಡವಾದಷ್ಟೂ ಕಷ್ಟ ಎಂದು ನನಗೆ ಹೇಳಿ ಹೋದರು.

ಅವರು ಹೋದ ಮೇಲೆ ಅವರ ಕೈಯಲ್ಲಿದ್ದ ಕನ್ನಡಿಯೇ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಇದನ್ನೆಲ್ಲ ಎಲ್ಲೋ ನೋಡಿದ್ದೇನಲ್ಲ ಅನಿಸಿತು. ಕನ್ನಡಿ, ಬಾಯಿಯ ಮುಂದೆ ಹಿಡಿಯುವ ಕಾಗದದ ಚೂರು, ತುಟಿಯ ಮೇಲೆ ಬೆರಳು. ಪಾತ್ರೆ ಒರೆಸುತ್ತಿದ್ದವಳು ಹಾಗೇ ನಿಂತುಬಿಟ್ಟೆ. ರಷ್ಯದ ಅಜ್ಜಿ!

ನಾನು ಲಂಗ ತೊಟ್ಟು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಕಾರ್ಖಾನೆಗೆ ಹೊಸ ಯಂತ್ರಗಳು ಬಂದಿದ್ದವು, ಅವುಗಳ ಜೊತೆಗೆ ರಷ್ಯದ ಇಂಜಿನಿಯರುಗಳೂ ಬಂದಿದ್ದರು. ಅವರಿಗೆಂದು ಕಟ್ಟಿದ ಮನೆಗಳಿಗೂ ಅತ್ತೆಯ ಬೋರ್ಡಿನಿಂದಲೇ ಫೋನು. ಅವರ ಹೆಸರುಗಳೋ, ಗೂಡ್ಸ್ ರೈಲಿನಷ್ಟು ಉದ್ದ. ಅವರು ಕೇಳಿದ ಹೆಸರು ಅತ್ತೆಗೆ ತಿಳಿಯದು, ಅತ್ತೆ ತಿರುಗಿ ಹೇಳಿದ್ದು ಅವರಿಗೆ ತಿಳಿಯದು. ಒಬ್ಬರು ಸಿಟ್ಟಾಗಿ ಫೋನು ಕುಕ್ಕಿದರು. ಅತ್ತೆಯ ಮರ್ಯಾದೆಗೆ ಕೈ ಹಾಕಿದ ಹಾಗಾಯಿತು. ಯಾರೂ ಹೇಳದಿದ್ದರೂ, ಯಾರನ್ನೂ ಕೇಳದೆ, ಒಂದು ಭಾನುವಾರ ನನ್ನ ಕೈ ಹಿಡಿದುಕೊಂಡು ದೊಡ್ಡ ಇಂಜಿನಿಯರ ಮನೆಯ ಗಂಟೆ ಒತ್ತಿಯೇಬಿಟ್ಟಳು.

ಬಾಗಿಲು ತೆರೆದದ್ದು ಇಂಜಿನಿಯರ ತಾಯಿ. ಅಗಲವಾದ ಮೈ, ತಲೆಗೆ ಕಟ್ಟಿದ ಹೂವಿನ ಬಟ್ಟೆ, ಎರಡು ಚಿನ್ನದ ಹಲ್ಲು. ಮಗ ಹಗಲೆಲ್ಲ ಕೆಲಸಕ್ಕೆ ಹೋದರೆ ಅಜ್ಜಿಗೆ ಮಾತಾಡಲು ಗೋಡೆಯೇ ಗತಿ. ನಮ್ಮನ್ನು ಕಂಡದ್ದೇ ಒಳಗೆ ಎಳೆದುಕೊಂಡಳು. ಅವಳಿಗೆ ನಮ್ಮ ಭಾಷೆ ಬರದು, ನಮಗೆ ಅವಳದ್ದು ಬರದು. ಆದರೆ ಅವಳು ತನ್ನ ಊರಿನಲ್ಲಿ ಮಾತು ತೊದಲುವ ಮಕ್ಕಳ ಬಾಯಿ ತಿದ್ದುವ ಟೀಚರಾಗಿದ್ದಳಂತೆ. ಅದನ್ನು ಆಮೇಲೆ ಮಗ ಹೇಳಿ ತಿಳಿಯಿತು. ಹಾಗಾಗಿ ಭಾಷೆ ಇಲ್ಲದೆಯೇ ಪಾಠ ಹೇಳುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ನಮ್ಮಿಬ್ಬರನ್ನೂ ಮೇಜಿನ ಮುಂದೆ ಕೂರಿಸಿ, ಹಿಡಿ ಮುರಿದ ಒಂದು ದುಂಡು ಕನ್ನಡಿ ತಂದು ಎದುರಿಗಿಟ್ಟಳು. ಪಾಠ ಶುರುವಾಗಿಯೇಹೋಯಿತು.

ಮೊದಲು ನಾವು ಮಾಡಿದ್ದು ನಮ್ಮ ಜನ ಎಲ್ಲರೂ ಮಾಡುವ ತಪ್ಪು. ಪರದೇಶದ ಮಾತು ಅಂದಕೂಡಲೇ ನಾಲಗೆಯನ್ನು ಮೇಲೆ ಮಡಚಿ ಟ, ಡ ಎಂದು ಗಟ್ಟಿಯಾಗಿ ಬಡಿಯಬೇಕು ಎಂದು ನಾವು ತಿಳಿದಿರುತ್ತೇವಲ್ಲ. ಅಜ್ಜಿ ಹೌದು ಅನ್ನುವುದಕ್ಕೆ "ದಾ" ಅಂದರೆ ಅತ್ತೆ ಠೀವಿಯಿಂದ "ಡಾ" ಅಂದಳು. ಅಜ್ಜಿ ತನ್ನ ಚಿನ್ನದ ಹಲ್ಲಿನ ಹಿಂದೆ ಉಗುರಿನಿಂದ ಟಕಟಕ ಬಡಿದು, ನಾಲಗೆ ಇಲ್ಲಿ ತಾಗಬೇಕು ಎಂದು ತೋರಿಸಿದಳು. ಅಯ್ಯೋ, ಇದು ನಮ್ಮ ದಪ್ಪದ ದ, ತಲೆಯ ತ ಕಣೇ ಎಂದು ಅತ್ತೆ ನನ್ನ ಕಡೆ ತಿರುಗಿದಳು. ಬೇರೆಯವರ ಮನೆಯಲ್ಲಿ ನಮ್ಮದೇ ಪಾತ್ರೆ ಕಂಡಷ್ಟು ಅವಳಿಗೆ ಆಶ್ಚರ್ಯ. ರಕಾರವನ್ನಂತೂ ಅತ್ತೆ ಮೊದಲ ಸಲಕ್ಕೇ "ರ್ರ್ರ್" ಎಂದು ಆಡಿಸಿದ್ದಕ್ಕೆ ಅಜ್ಜಿ ಚಪ್ಪಾಳೆ ಹೊಡೆದಳು. ಅವಳ ಊರಿನ ಮಕ್ಕಳು ಅದೊಂದಕ್ಕೇ ಅತ್ತು ಕರೆಯುತ್ತಿದ್ದರಂತೆ.

ಬಾಯಿಯ ಮುಂದೆ ಕಾಗದದ ಚೂರು ಹಿಡಿದು ಪ, ತ, ಕ ಅನ್ನಿಸುತ್ತಿದ್ದಳು. ಕಾಗದ ಅಲುಗಬಾರದು. ನಮ್ಮದು ಅಲುಗಲಿಲ್ಲ. ಆಗ ಅತ್ತೆಗೆ ತುಂಟತನ ಬಂದು ನಮ್ಮ ಖ, ಥ ಹೇಳಿ ಕಾಗದವನ್ನು ಪಟಪಟ ಹಾರಿಸಿದಳು. ಅಜ್ಜಿ ಕನ್ನಡಕ ಏರಿಸಿಕೊಂಡು ಮತ್ತೆ ಮತ್ತೆ ಹೇಳಿಸಿ ನೋಡಿದಳು. ದುಂಬಿಯ ಹಾಗೆ ಬೆರಳು ಹಾರಿಸಿಕೊಂಡು ಝೇಂಕರಿಸುವ ಒಂದು ಸದ್ದು ಕಲಿಸಿದಳು. ಕೆಲವು ಅಕ್ಷರಗಳಿಗೆ ಅವರಲ್ಲಿ ಗಟ್ಟಿ ರೂಪವೊಂದು, ಮೆತ್ತನೆಯ ರೂಪವೊಂದು. ಮೆತ್ತಗೆ ಹೇಳುವಾಗ ನಾಲಗೆಯ ನಡುಭಾಗ ಅಂಗುಳಕ್ಕೆ ಒತ್ತಿಕೊಳ್ಳಬೇಕು. ಮಗುವನ್ನು ಮುದ್ದು ಮಾಡುವಾಗ ನಾವು ಮಾತನ್ನು ಹೇಗೆ ಒದ್ದೆ ಮಾಡುತ್ತೇವೋ ಹಾಗೆ ಎಂದು ಅತ್ತೆ ಕಂಡುಹಿಡಿದಳು. ಅವತ್ತಿನಿಂದ ಮೆತ್ತನೆಯ ಅಕ್ಷರ ಬಂದಾಗಲೆಲ್ಲ ನನ್ನ ಗಲ್ಲ ಹಿಂಡುತ್ತಿದ್ದಳು, ಅದರ ಬಾಧೆ ಬೇರೆ ನನಗೆ.

ಬಹಳ ಕಾಡಿದ್ದು ಒಂದು ಸ್ವರ. ಉ ಅನ್ನುವಾಗ ನಾಲಗೆ ಎಲ್ಲಿರುತ್ತದೋ ಅಲ್ಲೇ ಇಟ್ಟುಕೊಂಡು, ತುಟಿಯನ್ನು ಮಾತ್ರ ಇ ಅನ್ನುವಂತೆ ಅಗಲಿಸಬೇಕು. ಅಜ್ಜಿ ನಮ್ಮ ಹಲ್ಲಿನ ನಡುವೆ ಅಡ್ಡಡ್ಡಲಾಗಿ ಪೆನ್ಸಿಲ್ ಕಚ್ಚಿಸಿದಳು. ಅತ್ತೆ ಕನ್ನಡಿಯಲ್ಲಿ ತನ್ನ ಅವತಾರ ನೋಡಿಕೊಂಡು ನಗುವುದು, ಪೆನ್ಸಿಲ್ ಬೀಳುವುದು, ಮತ್ತೆ ಕಚ್ಚುವುದು. ನನಗೆ ಬೇಗ ಬಂದುಬಿಟ್ಟಿತು. ತುಂಬಿದ ಬಿಂದಿಗೆ ಎತ್ತುವಾಗ ಹೊಟ್ಟೆಯಿಂದ ಬರುವ ಸದ್ದಿದೆಯಲ್ಲ, ಹೆಚ್ಚುಕಮ್ಮಿ ಅದೇ. ಅತ್ತೆಗೆ ಬರಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ನನ್ನ ಮೇಲೆ ಮುನಿಸಿಕೊಂಡು ಮುಂದೆ ಮುಂದೆ ನಡೆದಳು. ಆ ರಾಗ ನಮ್ಮ ಮನೆಯಲ್ಲಿ ಎಷ್ಟು ದಿನ ನಡೆಯಿತೆಂದರೆ, ಇವಳಿಗೆ ಹೊಟ್ಟೆನೋವೇ ಎಂದು ಪಕ್ಕದವರು ಅಮ್ಮನನ್ನು ಕೇಳಿದರು.

ಇನ್ನು ಬಾಲದ ಕಥೆ. ನಾವು ಯಾವ ಪದವನ್ನೂ ವ್ಯಂಜನದಲ್ಲಿ ನಿಲ್ಲಲು ಬಿಡುವ ಜನವಲ್ಲ. ಬಸ್ಸು, ಕಾರು, ಲೈಟು, ಫೋನು, ಎಲ್ಲಕ್ಕೂ ಹಿಂದೆ ಒಂದು ಉಕಾರ ಕಟ್ಟಿಯೇ ಒಳಗೆ ಕರೆದುಕೊಳ್ಳುತ್ತೇವೆ. ಅಜ್ಜಿ ಕಾಗದದ ಮೇಲೆ ಒಂದು ಮನೆಯ ಚಿತ್ರ ಬರೆದು "ದೋಮ್" ಅಂದಳು. ಮನೆ. ಅತ್ತೆ "ದೋಮು" ಅಂದಳು. ಅಜ್ಜಿ ಎರಡು ಬೆರಳನ್ನು ಕತ್ತರಿ ಮಾಡಿ ಗಾಳಿಯಲ್ಲಿ ಕಚಕ್ ಎಂದು ಕತ್ತರಿಸಿದಳು. ಮತ್ತೆ "ದೋಮು". ಮತ್ತೆ ಕತ್ತರಿ. ಕೊನೆಗೆ ಅತ್ತೆ ಮಕಾರಕ್ಕೆ ತುಟಿ ಮುಚ್ಚಿದ್ದೇ ತಡ, ಅಜ್ಜಿ ಹೆಬ್ಬೆರಳು ತೋರುಬೆರಳಿನಲ್ಲಿ ಆ ತುಟಿಯನ್ನು ಗಟ್ಟಿಯಾಗಿ ಹಿಡಿದುಬಿಟ್ಟಳು. ಬಾಲ ಒಳಗೇ ಉಳಿಯಿತು. ಮೂವರೂ ಎಷ್ಟು ನಕ್ಕೆವೆಂದರೆ ಪಕ್ಕದ ಕೋಣೆಯಿಂದ ಇಂಜಿನಿಯರು ಎದ್ದು ಬಂದು ನೋಡಿದರು. ಅವತ್ತು ಸಂಜೆಯಿಂದ ಅತ್ತೆ ನಮ್ಮ ಮನೆಯ ಬಾಗಿಲು ದಾಟುವಾಗಲೆಲ್ಲ "ದೋಮ್" ಅನ್ನುತ್ತಿದ್ದಳು. ಅಪ್ಪನೂ ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಾ ತಮಾಷೆಗೆ "ದೋಮು" ಅನ್ನುತ್ತಿದ್ದರು. ಅತ್ತೆ ಒಳಗಿನಿಂದಲೇ ಬೆರಳಿನ ಕತ್ತರಿ ಆಡಿಸುತ್ತಿದ್ದಳು.

ಇಷ್ಟೆಲ್ಲ ಕಲಿತು ಅತ್ತೆ ಪಂಡಿತೆಯೇನೂ ಆಗಲಿಲ್ಲ. ಆ ಉದ್ದುದ್ದ ಹೆಸರುಗಳು ಸರಿಯಾಗಿ ಬಂದವು, ಯಾರು ಬೇಕು, ಇಲ್ಲ, ಆಮೇಲೆ ಮಾಡಿ ಅನ್ನುವಷ್ಟು ಬಂತು. ಬದಲಿಗೆ ಅಜ್ಜಿಗೆ ನಮ್ಮ ಮಾತು ಒಂದಾದರೂ ಬೇಕೆನಿಸಿತು. ಫೋನಿನಲ್ಲಿ ಅತ್ತೆ ಅನ್ನುವ "ಹೇಳಿ" ಕಲಿಸು ಎಂದು ಸನ್ನೆ ಮಾಡಿದಳು. ಅವಳ ಬಾಯಲ್ಲಿ ಅದು "ಖೇಲಿ" ಆಗುತ್ತಿತ್ತು. ಅತ್ತೆ ಕನ್ನಡಿಯನ್ನು ಬಾಯಿಗೆ ಹತ್ತಿರ ಹಿಡಿದು ಹ ಎಂದು ಉಸಿರು ಬಿಟ್ಟು, ಅದರ ಮೇಲೆ ಮಂಜು ಕವಿಸಿ ತೋರಿಸಿದಳು. ಅಜ್ಜಿಯೂ ಕನ್ನಡಿಗೆ ಮಂಜು ಕವಿಸಿದಳು. ಎಷ್ಟೋ ಮಧ್ಯಾಹ್ನ ಅಜ್ಜಿ ಸುಮ್ಮನೆ ಎಕ್ಸ್‌ಚೇಂಜಿಗೆ ಫೋನು ಮಾಡಿ, ಅತ್ತೆ "ಹೇಳಿ" ಅಂದದ್ದನ್ನು ಕೇಳಿಸಿಕೊಂಡು, ಒಂದು "ಖೇಲಿ" ಹೇಳಿ ಇಡುತ್ತಿದ್ದಳು.

ಯಂತ್ರ ಕೂರಿಸುವ ಕೆಲಸ ಮುಗಿಯಿತು, ಅವರೆಲ್ಲ ಹೊರಟರು. ಹೊರಡುವಾಗ ಅಜ್ಜಿ ಆ ಹಿಡಿ ಮುರಿದ ಕನ್ನಡಿಯನ್ನು ಅತ್ತೆಯ ಕೈಗಿತ್ತಳು. ಎಷ್ಟೋ ದಿನಗಳ ಮೇಲೆ ಒಂದು ಟ್ರಂಕ್ ಕಾಲ್ ಬಂತು. ದೂರದಲ್ಲಿ ಗಾಳಿ ಬೀಸುವಂಥ ಸದ್ದು, ಅದರೊಳಗಿನಿಂದ ಸ್ಪಷ್ಟವಾಗಿ "ಹೇಳಿ". ಹಕಾರ ಸರಿಯಾಗಿತ್ತು. ಇಬ್ಬರೂ ಇಡಲಿಲ್ಲ, ಲೈನು ತಾನಾಗಿಯೇ ಹೋಯಿತು ಎಂದು ಅತ್ತೆ ಆಮೇಲೆ ನಮಗೆಲ್ಲ ಹೇಳಿಕೊಂಡು ಅತ್ತಿದ್ದಳು.

ಇದೆಲ್ಲ ಒರೆಸುತ್ತಿದ್ದ ಪಾತ್ರೆಯೊಂದಿಗೆ ನಿಂತ ನನ್ನ ಕಣ್ಣ ಮುಂದೆ ಬಂದುಹೋಯಿತು. ಅಪ್ಪನಿಂದ ಕೀಲಿ ಕೇಳಿ ಪಡೆದು, ಅತ್ತೆಯ ಮನೆಗೆ ಹೋಗಿ, ಬೀರುವಿನ ಬಟ್ಟೆಗಳ ನಡುವೆ ಹುಡುಕಿ ಕನ್ನಡಿ ತಂದೆ. ಕೀಲಿಯನ್ನು ಅಪ್ಪ ಮತ್ತೆ ಜೇಬಿಗೆ ಹಾಕಿಕೊಂಡರು. ಅತ್ತೆಯ ಮುಂದೆ ಕನ್ನಡಿ ಇಟ್ಟು, ನನ್ನ ಹಲ್ಲಿನ ನಡುವೆ ಪೆನ್ಸಿಲ್ ಕಚ್ಚಿ, ಆ ಹೊಟ್ಟೆನೋವಿನ ಸ್ವರ ಹೇಳಿದೆ. ವಯಸ್ಸಾದ ಮೇಲೆ ನನ್ನ ಬಾಯಿಂದಲೂ ಅದು ಓಡಿಹೋಗಿತ್ತು. ಮೇಕೆ ಕೂಗಿದ ಹಾಗಾಯಿತು. ಅತ್ತೆ ನಿದ್ದೆಯ ನಾಟಕ ಬಿಟ್ಟು ಕಣ್ಣು ತೆರೆದಳು. ಅವಳ ಬಾಯಿಯ ಎಡ ಮೂಲೆ ಮೇಲೆದ್ದಿತು. ನಕ್ಕಳು, ಪುಣ್ಯಾತ್ಗಿತ್ತಿ! ಆಸ್ಪತ್ರೆಯಿಂದ ಬಂದಮೇಲೆ ಅದೇ ಮೊದಲ ಸಲ.

ಅವತ್ತು ನನಗೊಂದು ವಿಷಯ ಹೊಳೆಯಿತು. ನಮ್ಮ ಭಾಷೆಯಲ್ಲಿ ಅತ್ತೆ ರಾಣಿ. ಅದರಲ್ಲಿ ತೊದಲಿದರೆ ಅವಳಿಗೆ ಸಾವು. ರಷ್ಯನ್ನಿನಲ್ಲಿ ಅವಳು ಯಾವತ್ತೂ ಒಂದನೇ ಕ್ಲಾಸಿನ ಹುಡುಗಿಯೇ. ಅಲ್ಲಿ ಬಾಯಿ ಸೊಟ್ಟಗಾದರೆ, ಸದ್ದು ತಪ್ಪಿದರೆ, ಪೆನ್ಸಿಲ್ ಬಿದ್ದರೆ ನಗು ಬರುತ್ತಿತ್ತು, ಅಷ್ಟೇ. ಸೋಲಿಗೆ ಅಲ್ಲಿ ನಾಚಿಕೆಯಿರಲಿಲ್ಲ.

ಅವತ್ತಿನಿಂದ ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ಬಂದು, ಮನೆಯಲ್ಲಿ ನಾನೇ ಶಿಷ್ಯೆಯಾಗಿ ಕೂರುತ್ತಿದ್ದೆ. ಕಾಗದದ ಚೂರು, ದುಂಬಿಯ ಬೆರಳು, ಎಲ್ಲ ಹೊರಗೆ ಬಂದವು. ಅತ್ತೆಯ ಗಂಟಲಿನಿಂದ ಗೊರಗೊರ ಬರುತ್ತಿತ್ತು, ಬರಲಿ. ನನಗೆ ಮೊದಲೇ ತಾಳ್ಮೆ ಕಡಿಮೆ. ಒಂದು ದಿನ ರೇಗಿಹೋಗಿ, ಕಾಗದದ ಮೇಲೆ ಅಂಕುಡೊಂಕಾಗಿ ಒಂದು ಮನೆ ಗೀಚಿ ಅವಳ ಮುಂದೆ ಕುಕ್ಕಿ, "ದೋಮು" ಅಂದೆ.

ಅತ್ತೆ ಮನೆಯ ಚಿತ್ರ ನೋಡಿದಳು, ನನ್ನನ್ನು ನೋಡಿದಳು. ಎಡಗೈ ಎತ್ತಿ ಎರಡು ಬೆರಳಿನಿಂದ ಗಾಳಿಯನ್ನು ಕಚಕ್ ಎಂದು ಕತ್ತರಿಸಿದಳು.

ನಾನು ಬೇಕೆಂದೇ ಮತ್ತೆ "ದೋಮು" ಅಂದೆ. ಮತ್ತೆ ಕತ್ತರಿ, ಈ ಸಲ ಸಿಟ್ಟಿನಿಂದ. ಮೂರನೆಯ ಸಲ ಅಂದಾಗ ಅವಳಿಗೆ ತಡೆಯಲಾಗಲಿಲ್ಲ. ಕತ್ತಿನ ನರ ಉಬ್ಬಿತು. "ದೋ" ಬಂತು, ಆದರೆ ತುಟಿಗಳು ಕೂಡಲಿಲ್ಲ, ಬಲಗಡೆಯಿಂದ ಉಸಿರು ಸೋರಿಹೋಯಿತು. ನಾನು ಹೆಬ್ಬೆರಳು ತೋರುಬೆರಳಿನಲ್ಲಿ ಅವಳ ತುಟಿಗಳನ್ನು ಕೂಡಿಸಿ ಹಿಡಿದೆ.

"ದೋಮ್" ಅಂದಳು ಅತ್ತೆ.

ಬಾಲವಿರಲಿಲ್ಲ. ನಾನು ಅವಳ ತೊಡೆಯ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತುಬಿಟ್ಟೆ. ಅವಳು ನನ್ನ ತಲೆಯನ್ನು ಪಕ್ಕಕ್ಕೆ ತಳ್ಳಿ, ಕನ್ನಡಿ ಎಳೆದುಕೊಂಡು, ತನ್ನ ಬೆರಳಿನಿಂದ ತಾನೇ ತುಟಿ ಹಿಡಿದು ಮತ್ತೆ ಹೇಳಿದಳು. ಅವತ್ತು ಊಟಕ್ಕೆ ಕರೆದರೂ ಏಳಲಿಲ್ಲ.

ಆಮೇಲೆ ಒಂದೊಂದೇ ಅಕ್ಷರ ರಷ್ಯನ್ನಿನ ಹಿತ್ತಲ ಬಾಗಿಲಿನಿಂದ ನಮ್ಮ ಮಾತಿನೊಳಗೆ ನುಸುಳಿತು. ಹಾಲು ಬೇಕೆಂದರೆ "ಮಲಕೋ" ಅನ್ನುತ್ತಿದ್ದಳು. ಈ ವಯಸ್ಸಿನಲ್ಲಿ ನಾನೂ ರಷ್ಯನ್ ಕಲಿಯಬೇಕಾಯಿತಲ್ಲ ಎಂದು ಗೊಣಗುತ್ತಾ ಅಮ್ಮ ಲೋಟ ತಂದಿಡುತ್ತಿದ್ದರು. ಕನ್ನಡಿಗೆ ಉಸಿರು ಬಿಟ್ಟು ಹ ಬಂತು. ಮೆತ್ತನೆಯ ಲಕಾರದಿಂದ ಲಿ ಬಂತು. ಡಾಕ್ಟರಮ್ಮ ಕೇಳಿ ಖುಷಿಪಟ್ಟು, ಇದನ್ನೇ ಮುಂದುವರಿಸಿ, ಭಾಷೆ ಯಾವುದಾದರೇನು ಅಂದರು. ಅಪ್ಪ ಮಾತ್ರ ಜಗ್ಗಲಿಲ್ಲ. ಎದುರಿಗಿದ್ದರೆ ಸನ್ನೆಯಲ್ಲಿ ಅರ್ಥ ಮಾಡಿಕೊಳ್ಳುತ್ತೇವೆ, ಫೋನಿನಲ್ಲಿ ಸನ್ನೆ ಕಾಣುತ್ತದೆಯೇ ಎಂದರು. ನರ್ಸಮ್ಮ ಬರುವ ದಿನ ಹತ್ತಿರವಾಗುತ್ತಿತ್ತು.

ತಿಂಗಳ ಕೊನೆಯ ವಾರ ಒಂದು ಬೆಳಿಗ್ಗೆ ಅತ್ತೆ ಇಸ್ತ್ರಿಯ ಸೀರೆ ಉಡಿಸು ಎಂದು ಸನ್ನೆ ಮಾಡಿದಳು, ಕೋಲು ತೆಗೆದುಕೊಂಡಳು. ಅಲ್ಲಲ್ಲಿ ಕೂತು ಸುಧಾರಿಸಿಕೊಳ್ಳುತ್ತಾ ಅವಳ ಬೀದಿಗೆ ಹೋದೆವು. ತನ್ನ ಮನೆಯ ಬೀಗವನ್ನು ಒಮ್ಮೆ ಮುಟ್ಟಿ ನೋಡಿ, ಪಕ್ಕದ ಟೈಲರ್ ಅಂಗಡಿಗೆ ಹತ್ತಿದಳು. ಟೈಲರ್ ಮೆಷಿನ್ ನಿಲ್ಲಿಸಿ ಸ್ಟೂಲು ಕೊಟ್ಟ. ಅತ್ತೆ ಬೆನ್ನು ನೆಟ್ಟಗೆ ಮಾಡಿ ಕೂತಳು. ಹೆಡ್‌ಫೋನು ಏರಿಸುವ ಮೊದಲು ಮಾಡುತ್ತಿದ್ದ ಹಾಗೆ ಕಿವಿಯ ಮೇಲಿನ ಕೂದಲನ್ನು ಹಿಂದಕ್ಕೆ ಸಿಕ್ಕಿಸಿಕೊಂಡಳು. ಅಂಗಡಿಯ ಫೋನಿನ ರಿಸೀವರನ್ನು ಕತ್ತು ಭುಜದ ನಡುವೆ ಇಟ್ಟುಕೊಂಡು ಎಡಗೈಯಲ್ಲಿ ನಮ್ಮ ಮನೆಯ ನಂಬರು ಒತ್ತಿದಳು.

ಅಪ್ಪನ ದನಿ ನನಗೂ ಕೇಳುತ್ತಿತ್ತು. ಹಲೋ ಅಂದರು, ಮತ್ತೆ ಹಲೋ ಅಂದರು. ಅತ್ತೆಯ ತುಟಿ ಅಲುಗುತ್ತಿತ್ತು, ಸದ್ದಿಲ್ಲ. ಯಾರ್ರೀ ಅದು, ಮಾತಾಡ್ರೀ ಎಂದು ಅಪ್ಪ ರೇಗತೊಡಗಿದರು. ಇನ್ನೇನು ಇಟ್ಟುಬಿಡುತ್ತಾರೆ ಎಂದು ನಾನು ರಿಸೀವರಿಗೆ ಕೈ ಚಾಚಿದೆ. ಅತ್ತೆ ನನ್ನ ಕೈಗೆ ಫಟ್ಟನೆ ಹೊಡೆದಳು.

"ಎಕ್ಸ್‌ಚೇಂಜ್, ಹೇಳಿ" ಅಂದಳು.

ಅದು ತಾನಾಗಿ ಬಂದದ್ದು. ಅಷ್ಟು ವರ್ಷ ಹೇಳಿದ್ದು ಎಲ್ಲೋ ಒಳಗೆ ಕಾದು ಕೂತಿತ್ತು. ಅತ್ತೆ ತನ್ನ ಮೇಲೆಯೇ ಸಿಟ್ಟಾದವಳಂತೆ ತಲೆ ಕೊಡವಿ, ಬೆರಳಿನಿಂದ ತುಟಿಯ ಬಲ ಮೂಲೆಯನ್ನು ಒತ್ತಿಹಿಡಿದು, ಒಂದೊಂದನ್ನೇ ಕಟ್ಟಿದಳು.

"ಅಣ್ಣ. ಕೀಲಿ. ದೋಮ್."

ಆ ಕಡೆಯಿಂದ ಅಪ್ಪ "ಇರಮ್ಮ, ಇಡಬೇಡ, ಬಂದೆ" ಅಂದರು. ರಿಸೀವರು ಮೇಜಿನ ಮೇಲೆ ಬಿದ್ದ ಸದ್ದು, ಅಮ್ಮ ಏನಾಯಿತೆಂದು ಕೂಗಿದ ಸದ್ದು, ಬಾಗಿಲಿನ ಸದ್ದು.

ಆಯಿತಲ್ಲ ಅತ್ತೆ, ಇಡು ಎಂದು ನಾನು ಹೇಳಿದೆ. ಇಡಲಿಲ್ಲ. ಟೈಲರ್ ನೀರು ಕೊಟ್ಟರೆ ತಲೆಯಾಡಿಸಿದಳು. ರಿಸೀವರನ್ನು ಕಿವಿಗೆ ಒತ್ತಿಕೊಂಡು ಬೀದಿಯ ತುದಿಯನ್ನೇ ನೋಡುತ್ತಾ ಕೂತಳು. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಇದ್ದ ಒಂದು ಕೈಯಲ್ಲಿ ಫೋನಿತ್ತು. ನಾನು ನನ್ನ ಸೆರಗಿನಿಂದ ಒರೆಸಿದೆ.

ಅಪ್ಪ ಬಂದರು. ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಅಮ್ಮನದು. ಏದುಸಿರು ಬಿಡುತ್ತಾ ಅಂಗಡಿಯ ಮೆಟ್ಟಿಲ ಹತ್ತಿರ ನಿಂತು ಕೀಲಿಯನ್ನು ಮುಂದೆ ಚಾಚಿದರು. ಅತ್ತೆ ಕೀಲಿ ನೋಡಿದಳು, ಕೈ ಚಾಚಲಿಲ್ಲ. ಕಿವಿಗೆ ಹಿಡಿದ ರಿಸೀವರನ್ನು ಕಣ್ಣಿನಿಂದಲೇ ತೋರಿಸಿದಳು. ಅಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮುಖ ಮುಚ್ಚಿಕೊಂಡು ನಗುತ್ತಾ ಅತ್ತರು.

"ಅಯ್ಯೋ ನನ್ನವ್ವ, ಮನೇಲಿ ಫೋನಿಟ್ಟೇ ಬರಲಿಲ್ಲ" ಎಂದರು ನನಗೆ. "ಓಡು, ಹೋಗಿ ಇಟ್ಟು ಬಾ."

ನಾನು ಓಡಿದೆ. ಎರಡು ಬೀದಿ ಓಡಿ, ಮನೆಯೊಳಗೆ ನುಗ್ಗಿ, ಮೇಜಿನ ಮೇಲೆ ಮಲಗಿದ್ದ ರಿಸೀವರನ್ನು ಎತ್ತಿ, ಇಡುವ ಮೊದಲು ಒಮ್ಮೆ ಕಿವಿಗೆ ಹಿಡಿದೆ. ಆ ಕಡೆ ಅತ್ತೆ 'ಹೇಳಿ' ಅಂದಳು.